ಓದುಗರ ಪ್ರಶ್ನೆ: ವೋಟೇ ಕೊಡದ ದೇಶಕ್ಕಾಗಿ ಬಂದೂಕು ಹಿಡಿದವನು

ಪ್ರಶ್ನೆ: ಮೊದಲನೇ ಮಹಾಯುದ್ಧ ಅಂದ್ರೆ ನಮ್ಗೆಲ್ಲ 1918ರಲ್ಲಿ ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ನೆನಪಾಗ್ತಾರೆ. ಕೆನಡಾದಲ್ಲಿರೋ ನನ್ನ ಮಗ, ಅಲ್ಲಿ ಕಿಚನರ್ ಅನ್ನೋ ಊರಲ್ಲಿ ಒಬ್ಬ ಸಿಖ್ ಸೈನಿಕನ ಸಮಾಧಿ ಇದೆ, ನವೆಂಬರ್ ಬಂದ್ರೆ ಜನ ಸೇರ್ತಾರೆ ಅಂದ. ಯಾರು ಆತ? ಹೊಲದಲ್ಲಿ ದುಡೀತಿದ್ದೋನು ಅಲ್ಲಿನ ಸೇನೆಗೆ ಸೇರಿದ್ದು ಹೇಗೆ?
- ಒಬ್ಬ ಓದುಗರು, ಹಾಸನ

ಉತ್ತರ: ಆತ ಬುಕ್ಕಂ ಸಿಂಗ್. 1893ರಲ್ಲಿ ಪಂಜಾಬಿನ ಮಾಹಿಲ್‌ಪುರದಲ್ಲಿ ಹುಟ್ಟಿದ್ದು. ಚಿಕ್ಕ ವಯಸ್ಸಲ್ಲೇ ಮದುವೆ ಮಾಡಿದ್ರು, 1907ರಲ್ಲಿ ಇನ್ನೂ ಮೀಸೆ ಚಿಗುರೋ ಮುಂಚೆ ಹಡಗು ಹತ್ತಿ ಕೆನಡಾದ ಪಶ್ಚಿಮ ಕರಾವಳಿಯ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾಗೆ ಹೋದ. ಅದೇ ವರ್ಷ ಅಲ್ಲಿನ ಸರ್ಕಾರ ಭಾರತದಿಂದ ಬಂದೋರ ವೋಟು ಕಿತ್ಕೊಳ್ತು. ಮರುವರ್ಷ ಕೆನಡಾ ಸರ್ಕಾರದ್ದು ಇನ್ನೊಂದು ರೂಲ್ಸು, ಹುಟ್ಟಿದ ದೇಶದಿಂದ ಎಲ್ಲೂ ಇಳೀದೆ ನೇರವಾಗಿ ಬಂದ್ರೆ ಮಾತ್ರ ಒಳಗೆ ಬಿಡೋದು ಅಂತ, ಆದ್ರೆ ಭಾರತದಿಂದ ನೇರ ಹಡಗೇ ಇರ್ಲಿಲ್ಲ, ಸಾಲದ್ದಕ್ಕೆ ಕೈಲಿ 200 ಡಾಲರ್ ಬೇರೆ ಇರ್ಬೇಕಿತ್ತು. ಹೀಗಾಗಿ ಹೆಂಡ್ತೀನ ಕರೆಸ್ಕೊಳ್ಳೋ ದಾರಿ ಮುಚ್ಚೋಯ್ತು. 1914ರಲ್ಲಿ ಭಾರತದ 376 ಜನ ಇದ್ದ ಕೊಮಗಾಟ ಮಾರು ಅನ್ನೋ ಹಡಗನ್ನ ವ್ಯಾಂಕೂವರ್‌ನಲ್ಲಿ ಎರಡು ತಿಂಗಳು ನಿಲ್ಲಿಸಿ, ಹೆಚ್ಚುಕಮ್ಮಿ ಎಲ್ರನ್ನೂ ವಾಪಸ್ ಕಳ್ಸಿದ್ದೂ ಇದೇ ರೂಲ್ಸು ಹಿಡ್ಕೊಂಡೇ.

ಮಾರನೇ ವರ್ಷ, ಅಂದ್ರೆ 1915ರಲ್ಲಿ, ಕೆನಡಾದ ಇನ್ನೊಂದು ಪ್ರಾಂತ್ಯ ಒಂಟಾರಿಯೋದ ರೋಸ್‌ಬ್ಯಾಂಕ್‌ನಲ್ಲಿ ಕೂಲಿಗೆ ಹೊಲದ ಕೆಲ್ಸ ಮಾಡ್ತಿದ್ದ ಈ ಹುಡುಗ ಸ್ಮಿತ್ಸ್ ಫಾಲ್ಸ್‌ಗೆ ಹೋಗಿ ಸೇನೆಗೆ ಹೆಸರು ಬರೆಸ್ದ. ಬಿಳಿಯರಲ್ಲದವರನ್ನ ತಗೋಬಾರ್ದು ಅಂತ ಕಾನೂನೇನೂ ಇರ್ಲಿಲ್ಲ, ಆಯಾ ಪಡೆಯ ಅಧಿಕಾರಿ ಮನಸ್ಸು ಮಾಡ್ಬೇಕಿತ್ತು ಅಷ್ಟೇ, ಸುಮಾರು ಕಡೆ ಬಾಗಿಲಲ್ಲೇ ವಾಪಸ್ ಕಳಿಸ್ತಿದ್ರು. ಕೆನಡಾ ಪಡೆಗೆ ಸೇರಿದ 6 ಲಕ್ಷಕ್ಕೂ ಹೆಚ್ಚು ಜನರಲ್ಲಿ ಸಿಖ್ಖರು ಅಂತ ಗುರುತು ಸಿಕ್ಕಿರೋದು ಹತ್ತು ಜನರಷ್ಟೇ. ಇವನನ್ನ ಹಾಕಿದ್ದು 20ನೇ ಬೆಟಾಲಿಯನ್‌ಗೆ. 1916ರ ಬೇಸಿಗೇಲಿ ಬೆಲ್ಜಿಯಂನ ಈಪ್ರ ಹತ್ರ ಶೆಲ್ಲಿನ ಚೂರು ತಲೆಗೆ ಬಡೀತು, ವಾಸಿಯಾಗಿ ಮತ್ತೆ ಟ್ರೆಂಚಿಗೆ ಹೋದ, ಕೆಲವೇ ವಾರಕ್ಕೆ ಸೇಂಟ್ ಎಲ್ವಾ ಕಡೆ ಕಾಲಿಗೆ ಗುಂಡು. ಇಂಗ್ಲೆಂಡಿಗೆ ಕಳ್ಸಿದ್ರು, ಅಲ್ಲಿ ಕ್ಷಯ ಹತ್ಕೊಳ್ತು.

ಯುದ್ಧಭೂಮೀಲಿ ಸತ್ತ ಅಂತ ಕೆಲವರು ಬರೀತಾರೆ, ಹಾಗಲ್ಲ. ವಾಪಸ್ ಕೆನಡಾಗೆ ತಂದು ಕಿಚನರ್‌ನ ಮಿಲಿಟರಿ ಆಸ್ಪತ್ರೇಲಿ ಇಟ್ಟಿದ್ರು, 1919ರ ಆಗಸ್ಟ್ 27ರಂದು ತೀರಿಕೊಂಡ, 25 ವರ್ಷ. ನನಗೆ ತುಂಬಾ ಸಂಕಟ ಆಗೋದು ಇಲ್ಲೇ, ಭಾರತೀಯರು ಹೆಂಡ್ತಿ ಮಕ್ಕಳನ್ನ ಕರೆಸ್ಕೋಬಹುದು ಅಂತ ಕೆನಡಾ ಒಪ್ಪಿದ್ದು ಅದೇ 1919ರಲ್ಲಿ. ಅವನ ಹೆಂಡ್ತಿ ಪಂಜಾಬಲ್ಲೇ ಉಳಿದ್ಲು. ವೋಟು ಬಂದಿದ್ದಂತೂ 1947ಕ್ಕೆ.

ಆಮೇಲೆ ಎಲ್ರೂ ಮರೆತೇಬಿಟ್ಟಿದ್ರು. 2007ರಲ್ಲಿ ಇತಿಹಾಸಕಾರ ಸಂದೀಪ್ ಸಿಂಗ್ ಬ್ರಾರ್ ಅವ್ರಿಗೆ ಲಂಡನ್ನಿನ ಗಿರವಿ ಅಂಗಡೀಲಿ ಬುಕ್ಕಂ ಸಿಂಗನ ವಿಕ್ಟರಿ ಮೆಡಲ್, ಅಂದ್ರೆ ಆ ಯುದ್ಧದ ಸೈನಿಕರಿಗೆ ಕೊಟ್ಟ ಪದಕ, ಸಿಕ್ತು. ಇಂಥ ಮೆಡಲ್ಲಿನ ಅಂಚಲ್ಲಿ ಸೈನಿಕನ ನಂಬರು, ಹೆಸರು, ಪಡೆ ಕೊರೆದಿರ್ತಾರೆ, ಅದನ್ನೇ ಹಿಡ್ಕೊಂಡು ದಾಖಲೆ ಹುಡುಕ್ತಾ ಹೋಗಿ ಕಿಚನರ್‌ನ ಮೌಂಟ್ ಹೋಪ್ ಸ್ಮಶಾನದಲ್ಲಿರೋ ಅವನ ಸಮಾಧಿ ಕಲ್ಲಿನ ತನಕ ಬಂದ್ರು. ಮೊದಲನೇ ಮಹಾಯುದ್ಧದ ಸಿಖ್ ಸೈನಿಕನದ್ದು ಅಂತ ಕೆನಡಾ ನೆಲದಲ್ಲಿ ಗೊತ್ತಿರೋ ಸಮಾಧಿ ಇದೊಂದೇ, ಅದಕ್ಕೇ ನವೆಂಬರ್‌ನಲ್ಲಿ, ಯುದ್ಧದಲ್ಲಿ ಮಡಿದವರನ್ನ ನೆನೆಯೋ ದಿನದ ಹೊತ್ತಿಗೆ, ಜನ ಅಲ್ಲಿ ಸೇರೋದು.

ನಿಮ್ಮ ಮಗನಿಗೆ ಹೇಳಿ, ಆ ಯುದ್ಧದ ಸೈನಿಕರ ಫೈಲುಗಳನ್ನ ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆ ಸಂಗ್ರಹದವರು ಸ್ಕ್ಯಾನ್ ಮಾಡಿ ಆನ್‌ಲೈನಲ್ಲಿ ಹಾಕಿದಾರೆ, ಫ್ರೀ. ಹೆಸರನ್ನ ಒಂದೊಂದು ಕಡೆ ಒಂದೊಂದು ಥರ ಬರೆದಿದಾರೆ, ಒಂದೇ ಸಲಕ್ಕೆ ಸಿಗದೇ ಇದ್ರೆ ಬೇರೆ ಸ್ಪೆಲ್ಲಿಂಗ್ ಹಾಕಿ ನೋಡ್ಲಿ.