ವೋಲ್ಟೇಜ್ ಇಳಿದಾಗ ಗೀಸರ್ ಹೆಚ್ಚು ಕರೆಂಟ್ ಎಳೆಯುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಲೈನಿನ ಕೊನೆಯಲ್ಲಿದ್ದು, ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. ಗೀಸರ್ 2000 ವಾಟಿನದು. 2000ವನ್ನು 190ರಿಂದ ಭಾಗಿಸಿದರೆ 10.5 ಆಂಪಿಯರ್ ಬರುತ್ತದೆ. ಗೀಸರಿನ ಪ್ಲಗ್ ಬಿಸಿಯಾಗಿ ಕಪ್ಪಾಗಿದೆ. ಕರೆಂಟ್ ಜಾಸ್ತಿ ಎಳೆಯುವುದೇ ಇದಕ್ಕೆ ಕಾರಣ, 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬೀಳುವ ಸ್ವಿಚ್) ತೆಗೆದು 32ರದ್ದು ಹಾಕಿಸಿ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಖಂಡಿತ ಹಾಕಿಸಬೇಡಿ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಪದೇ ಪದೇ ಬರುತ್ತಿದ್ದು, ಪ್ರತಿ ಸಲವೂ ಲೆಕ್ಕ ತಪ್ಪುವುದು ಒಂದೇ ಜಾಗದಲ್ಲಿ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವಾಟ್ ಸಿಗುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ನಮ್ಮ ಮುಂದಿರುವ ಸಾಧನದಲ್ಲಿ ಬದಲಾಗದೆ ಉಳಿಯುವುದು ಯಾವುದು ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಗೀಸರಿನ ಮೇಲೆ ಬರೆದಿರುವ 2000 ವಾಟ್ ಎಂಬುದು ಅದಕ್ಕೆ 230 ವೋಲ್ಟ್ ಸಿಕ್ಕಾಗ ಮಾತ್ರ ನಿಜ. ಆ ಪಟ್ಟಿಯಲ್ಲಿ ವೋಲ್ಟೇಜನ್ನೂ ಅಚ್ಚು ಹಾಕಿರುತ್ತಾರೆ, ದಯವಿಟ್ಟು ಓದಿ. ಬದಲಾಗದೆ ಉಳಿಯುವುದು ವಾಟ್ ಅಲ್ಲ, ಒಳಗಿನ ಕಾಯಿಲಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ. 230ರ ವರ್ಗವಾದ 52,900ನ್ನು 2000ದಿಂದ ಭಾಗಿಸಿದರೆ ಆ ರೋಧ 26.45 ಓಮ್ ಎಂದು ತಿಳಿಯುತ್ತದೆ. ಕಾಯಿಲಿನ ನೈಕ್ರೋಮ್ ತಂತಿಯ ರೋಧ ಬಿಸಿಯಾದಾಗಲೂ ಹೆಚ್ಚೇನೂ ಏರದ ಕಾರಣ ಸಂಜೆಯ ಲೆಕ್ಕಕ್ಕೂ ಇದೇ ಸಂಖ್ಯೆ ಸಾಕು. 190ನ್ನು 26.45ರಿಂದ ಭಾಗಿಸಿ: 7.18 ಆಂಪಿಯರ್. ಅದನ್ನು 190ರಿಂದ ಗುಣಿಸಿ: ಸುಮಾರು 1365 ವಾಟ್. ಪೂರ್ತಿ ವೋಲ್ಟೇಜಿನಲ್ಲಿ 8.7 ಆಂಪಿಯರ್ ಇದ್ದ ಕರೆಂಟ್ ಸಂಜೆ ಕಡಿಮೆಯಾಗಿದೆಯೇ ಹೊರತು ಹೆಚ್ಚಾಗಿಲ್ಲ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಪೂರ್ತಿ ವೋಲ್ಟೇಜಿನಲ್ಲಿ 18 ನಿಮಿಷ ಸಾಕಾದರೆ, ಸಂಜೆ 27 ನಿಮಿಷ ಬೇಕು. ನೀರು ತಡವಾಗಿ ಕಾಯುವುದನ್ನು ನೀವೇ ಗಮನಿಸಿರುತ್ತೀರಿ.

ಎಲೆಕ್ಟ್ರಿಷಿಯನ್ ಹೇಳಿದ ಮಾತು ಬೋರ್‌ವೆಲ್ ಮೋಟರಿನ ವಿಷಯದಲ್ಲಿ ನಿಜ. ನೀರೆತ್ತುವ ಹೊರೆ ಹಾಗೆಯೇ ಇದ್ದು ವೋಲ್ಟೇಜ್ ಇಳಿದರೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಸುಡುವುದೂ ಅದರಿಂದಲೇ. ಮೋಟರಿನಲ್ಲಿ ಕಂಡದ್ದನ್ನು ಕಾಯಿಲಿಗೆ ಅನ್ವಯಿಸಿದ್ದು ಅವರ ತಪ್ಪು.

ಹಾಗಾದರೆ ಪ್ಲಗ್ ಏಕೆ ಕಪ್ಪಾಯಿತು? ಇಂಥ ಪ್ಲಗ್‌ಗಳನ್ನು ನಾನು ಬಿಚ್ಚಿದಾಗಲೆಲ್ಲ ಹೆಚ್ಚಾಗಿ ಕಾಣುವುದು ಒಂದೇ ದೃಶ್ಯ: ಒಂದು ಪಿನ್ನಿನ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿರುತ್ತದೆ, ಹಿತ್ತಾಳೆ ಬಣ್ಣಗೆಟ್ಟಿರುತ್ತದೆ, ತಂತಿಯ ಹೊದಿಕೆ ಬೆರಳಿನಿಂದ ಒತ್ತಿದರೆ ಒಣ ಹಪ್ಪಳದಂತೆ ಮುರಿಯುತ್ತದೆ. ಆ ಸಡಿಲ ಜಾಗದಲ್ಲಿ ಕೇವಲ ಅರ್ಧ ಓಮ್ ರೋಧ ಹುಟ್ಟಿದೆ ಎಂದುಕೊಳ್ಳಿ. ಒಟ್ಟು ರೋಧ 26.95 ಓಮ್, ಕರೆಂಟ್ 7.05 ಆಂಪಿಯರ್. ಕರೆಂಟಿನ ವರ್ಗವನ್ನು ಅರ್ಧ ಓಮಿನಿಂದ ಗುಣಿಸಿದರೆ ಸುಮಾರು 25 ವಾಟ್ ಆಗುತ್ತದೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಐರನ್ನಿನ ಸಾಮರ್ಥ್ಯವೂ ಅಷ್ಟೇ, ಮತ್ತು ಇಲ್ಲಿ ಅಷ್ಟೂ ಶಾಖ ಒಂದು ಸ್ಕ್ರೂವಿನ ತುದಿಯಲ್ಲಿ ಸೇರುತ್ತಿದೆ. ಅಲ್ಲಿ ಕಳೆದುಹೋಗುವುದು ಮೂರೂವರೆ ವೋಲ್ಟ್ ಮಾತ್ರವಾದ್ದರಿಂದ ಗೀಸರಿನಲ್ಲಿ ಏನೂ ವ್ಯತ್ಯಾಸ ತೋರುವುದಿಲ್ಲ. ಕರೆಂಟ್ ಏರದ ಕಾರಣ ಎಂಸಿಬಿಯೂ ಬೀಳುವುದಿಲ್ಲ, ಅದು 16ರದ್ದಾದರೂ 32ರದ್ದಾದರೂ.

ಎಂಸಿಬಿ ಮುಖ್ಯವಾಗಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. 16 ಆಂಪಿಯರಿಗೆಂದು ಎಳೆದ ತಂತಿಗೆ 32ರದ್ದನ್ನು ಹಾಕಿದರೆ ಮುಂದೊಂದು ದಿನ ನಿಜವಾಗಿಯೂ ಕರೆಂಟ್ ಏರಿದಾಗ ಸುಡುವುದು ಆ ತಂತಿ. ಎಂಸಿಬಿ ದೊಡ್ಡದು ಮಾಡಿಸುವುದೇ ಎಲ್ಲಕ್ಕೂ ಮದ್ದು ಎನ್ನುವವರನ್ನು ಮನೆಯ ವೈರಿಂಗ್ ಮುಟ್ಟಲು ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಮೇನ್ ಸ್ವಿಚ್ ಆಫ್ ಮಾಡಿಸಿ, ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಹೊಸದಾಗಿ, ಐಎಸ್‌ಐ ಗುರುತಿನ 16 ಆಂಪಿಯರಿನವನ್ನೇ ಹಾಕಿಸಿ, ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಬಿಗಿ ಮಾಡಿಸಿ. ಹಳೆಯ ಪಿನ್ನನ್ನು ಉಜ್ಜಿ ಬಳಸುವುದು ಬೇಡ: ಒಮ್ಮೆ ಕಾದ ಸಾಕೆಟ್ಟಿನ ಹಿಡಿತ ಸಡಿಲವಾಗಿಬಿಟ್ಟಿರುತ್ತದೆ.

ಪ್ರಶ್ನೆ: 100 ವಾಟಿನ ಹಳೆಯ ಬಲ್ಬಿನ ರೋಧ ಲೆಕ್ಕದಲ್ಲಿ 529 ಓಮ್, ಮೀಟರಿನಲ್ಲಿ 40. ಮೀಟರ್ ಕೆಟ್ಟಿದೆಯೇ?

ಉತ್ತರ: ಇಲ್ಲ; ನೀವು ಅಳೆದದ್ದು ತಣ್ಣಗಿರುವ ಟಂಗ್‌ಸ್ಟನ್ ತಂತಿಯನ್ನು, ಲೆಕ್ಕ ಹಾಕಿದ್ದು ಉರಿಯುವ ತಂತಿಗೆ. ನೈಕ್ರೋಮಿನಂತಲ್ಲದೆ ಟಂಗ್‌ಸ್ಟನ್ನಿನ ರೋಧ ಕಾದಾಗ ಹಲವು ಪಟ್ಟು ಏರುತ್ತದೆ.

ಪ್ರಶ್ನೆ: ಸಾಕೆಟ್ಟಿಗೆ ಚುಚ್ಚಿದರೆ ಬಿಲ್ ಅರ್ಧವಾಗುವ ಪವರ್ ಸೇವರ್ ಕೊಳ್ಳಲೇ?

ಉತ್ತರ: ಅದು ಮೋಸ, ಕೊಳ್ಳಬೇಡಿ.

ಪ್ರಶ್ನೆ: ಗೀಸರ್ ಆನ್ ಇರುವಾಗಲೇ ಅದರ ರೋಧ ಅಳೆಯಬಹುದೇ?

ಉತ್ತರ: ಯಾವ ಕಾರಣಕ್ಕೂ ಕೂಡದು. ಪ್ಲಗ್ ಕಿತ್ತ ಮೇಲೆ, ಗೀಸರಿನ ಸ್ವಿಚ್ ಆನ್ ಸ್ಥಾನದಲ್ಲಿಟ್ಟು, ಪ್ಲಗ್ಗಿನ ಚಿಕ್ಕ ಪಿನ್ನುಗಳೆರಡರ ನಡುವೆ ಅಳೆಯಿರಿ. ನೀರು ತಣ್ಣಗಿರಬೇಕು, ಕಾದಿದ್ದರೆ ಥರ್ಮೋಸ್ಟಾಟ್ ಸಂಪರ್ಕ ಕಡಿದಿರುವುದರಿಂದ ಮೀಟರ್ ಏನನ್ನೂ ತೋರಿಸುವುದಿಲ್ಲ.