ಪಾದ್ರಿ ಬ್ಲೈಡನ್ ಅರಬ್ಬಿ ಕಲಿತದ್ದು ಯಾಕೆ?

ಧಾರವಾಡದ ಓದುಗರಿಗೆ ನಮಸ್ಕಾರ. ಹತ್ತೊಂಬತ್ತನೇ ಶತಮಾನದ ಕರಿಯ ವಿದ್ವಾಂಸ ಎಡ್ವರ್ಡ್ ವಿಲ್ಮಟ್ ಬ್ಲೈಡನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೇರವಾಗಿಯೇ ಕೇಳಿದ್ದೀರಿ: ಪಾದ್ರಿಯಾಗಿದ್ದವರು ಇಸ್ಲಾಮನ್ನು ಹೊಗಳಿ ಕೊನೆಗೆ ಚರ್ಚನ್ನೇ ಬಿಟ್ಟರಲ್ಲ, ಇಂಥವರನ್ನು ನಂಬೋದು ಹೇಗೆ ಅಂತ. ನನ್ನ ಪ್ರಕಾರ ಅವರು ಗಾಳಿ ಬಂದ ಕಡೆ ತೂರಿಕೊಂಡವರಲ್ಲ.

ಹುಟ್ಟಿದ್ದು 1832ರಲ್ಲಿ, ಆಗ ಡೆನ್ಮಾರ್ಕಿನ ಕೈಯಲ್ಲಿದ್ದ ಕೆರಿಬಿಯನ್ ದ್ವೀಪ ಸೇಂಟ್ ಥಾಮಸ್‌ನಲ್ಲಿ. ಪಾದ್ರಿಯಾಗುವ ಆಸೆಯಿಂದ 1850ರಲ್ಲಿ ಅಮೆರಿಕಕ್ಕೆ ಹೋದರೆ, ಕರಿಯ ಅನ್ನೋ ಒಂದೇ ಕಾರಣಕ್ಕೆ ಕಾಲೇಜು ಸೇರಿಸಿಕೊಳ್ಳಲಿಲ್ಲ. ಹದಿನೆಂಟರ ಹುಡುಗ ಹಡಗು ಹತ್ತಿ, ಅಮೆರಿಕದ ಕರಿಯರು ಹೋಗಿ ನೆಲೆಸುತ್ತಿದ್ದ ಪಶ್ಚಿಮ ಆಫ್ರಿಕದ ಲೈಬೀರಿಯಕ್ಕೆ ಹೋಗಿಬಿಟ್ಟರು. 1858ರಲ್ಲಿ ಪ್ರೆಸ್ಬಿಟೀರಿಯನ್ ಅನ್ನೋ ಪ್ರಾಟೆಸ್ಟೆಂಟ್ ಪಂಗಡದ ಪಾದ್ರಿಯಾದರು. 1862ರಲ್ಲಿ ಲೈಬೀರಿಯ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಪ್ರಾಧ್ಯಾಪಕರಾದರು. ಈಗಿನ ಲೈಬೀರಿಯ ವಿಶ್ವವಿದ್ಯಾಲಯ ಅದೇ.

ಅಮೆರಿಕದಿಂದ ಬಂದು ನೆಲೆಸಿದ ಕರಿಯರಲ್ಲಿ ಬಹಳ ಜನ ಕರಾವಳಿಯಲ್ಲೇ ಉಳಿದು, ಒಳನಾಡಿನವರನ್ನು ಕೀಳಾಗಿ ಕಾಣುತ್ತಿದ್ದರು. ಬ್ಲೈಡನ್ ಮಾತ್ರ ಆ ಕಡೆ ಮುಖ ಮಾಡಿದರು. ಅಲ್ಲಿನ ಮುಸ್ಲಿಮರಲ್ಲಿ ಅರಬ್ಬಿ ಓದಿ ಬರೆಯುವವರಿದ್ದರು, ಕುರಾನ್ ಪಾಠಶಾಲೆಗಳಿದ್ದವು. ಅವರ ಜೊತೆ ಮಾತಾಡಬೇಕಾದರೆ ಅವರ ಓದು ನಮಗೂ ಬರಬೇಕು, ಅಲ್ವಾ? ಅದಕ್ಕೇ 1866ರಲ್ಲಿ ಅರಬ್ಬಿ ಕಲಿಯಲು ಈಗಿನ ಲೆಬನಾನಿನ ಬೈರೂತ್ ಕಡೆ ಹೊರಟರು. ದಾರಿಯಲ್ಲಿ ಈಜಿಪ್ಟಿನ ಗೀಜಾದ ದೊಡ್ಡ ಪಿರಮಿಡ್ ನೋಡಿ, ಇದು ನಮ್ಮ ಆಫ್ರಿಕದ ಪೂರ್ವಜರ ಕೆಲಸ ಅನ್ನೋ ಹೆಮ್ಮೆಯಲ್ಲಿ ಕಲ್ಲಿನ ಮೇಲೆ 'ಲೈಬೀರಿಯ' ಅಂತ ಕೆತ್ತಿ, ಜೊತೆಗೆ ತಮ್ಮ ಹೆಸರು, ತಾರೀಖು ಕೂಡ ಹಾಕಿದರು. ಹಾಗೆ ಕೆತ್ತಬಾರದು ನಿಜ. ಆದರೂ ಕಾಲೇಜಿನ ಬಾಗಿಲಿಂದ ವಾಪಸ್ ಕಳಿಸಿದ್ದ ಆ ಹುಡುಗನನ್ನು ನೆನೆದರೆ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಮರಳಿ ಬಂದು ಕಾಲೇಜಿನಲ್ಲಿ ಅರಬ್ಬಿ ಪಾಠ ಶುರು ಮಾಡಿದರು.

ಅವರ 1887ರ ಪುಸ್ತಕದ ವಾದವೂ ಅಲ್ಲಿಂದಲೇ ಬೆಳೆದದ್ದು: ಇಸ್ಲಾಂ ಆಫ್ರಿಕದವರಿಗೆ ತಲೆಯೆತ್ತಿ ನಡೆಯಲು ಬಿಟ್ಟಿತು, ಬಿಳಿಯರು ತಂದ ಕ್ರೈಸ್ತ ಧರ್ಮ ತಮ್ಮನ್ನೇ ತಾವು ಕೀಳೆಂದುಕೊಳ್ಳುವಂತೆ ಮಾಡಿತು ಅಂತ. ಈ ಹೋಲಿಕೆ ಜಾಸ್ತಿ ಸರಳವಾಯಿತು. ಆಫ್ರಿಕದಲ್ಲಿ ಮುಸ್ಲಿಂ ದೊರೆಗಳೂ ಗುಲಾಮರನ್ನು ಹಿಡಿಸಿದ್ದಾರೆ. ಬಿಳಿ–ಕರಿ ಮಿಶ್ರ ಮೂಲದವರ ಬಗ್ಗೆ ಬ್ಲೈಡನ್ ಬರೆದ ಕಹಿ ಮಾತುಗಳನ್ನಂತೂ ನಾನು ಒಪ್ಪಲಾರೆ.

ಆದರೆ ನಿಮ್ಮ ಪ್ರಶ್ನೆ ನಂಬಿಕೆಯದು. 1886ರಲ್ಲಿ ಪ್ರೆಸ್ಬಿಟೀರಿಯನ್ ಚರ್ಚ್ ಬಿಟ್ಟರೂ ಅವರು ಮುಸ್ಲಿಮರಾಗಲಿಲ್ಲ. ಪಾಠ ಹೇಳುವುದನ್ನೂ ಬಿಡಲಿಲ್ಲ. 1901ರಿಂದ 1906ರವರೆಗೆ, ಎಪ್ಪತ್ತರ ಆಸುಪಾಸಿನಲ್ಲಿ, ಲೈಬೀರಿಯದ ಪಕ್ಕದ ಸಿಯೆರಾ ಲಿಯೋನ್‌ನ ಮುಸ್ಲಿಂ ಶಿಕ್ಷಣದ ನಿರ್ದೇಶಕರಾಗಿ ಅಲ್ಲಿನ ಮಕ್ಕಳ ಓದಿಗಾಗಿಯೇ ದುಡಿದರು.