ಮೇಜಿನ ಮೇಲೆ ಸುಮ್ನೆ ಇಟ್ಟ ಜೈರೋಸ್ಕೋಪ್ ತಿರುಗುತ್ತಿದೆ ಅನ್ನುವುದು ಯಾಕೆ?

ಪ್ರಶ್ನೆ: ಎಂಪಿಯು-6050 ಎಂಬ ಪುಟ್ಟ ಸೆನ್ಸರ್ ಮಾಡ್ಯೂಲ್‌ನ ತಿರುಗುವಿಕೆ ಅಳೆಯುವ ಮೂರು ಅಕ್ಷದ ಜೈರೋಸ್ಕೋಪ್‌ನಿಂದ ಕೋನ ಅಳೆಯಲು ಪ್ರೋಗ್ರಾಂ ಬರೆದಿದ್ದೇನೆ. ಅಲುಗಾಡಿಸದೆ ಇಟ್ಟರೂ ಕೋನ ಏರುತ್ತಲೇ ಇರುತ್ತದೆ. ಎರಡು ಕಡೆಗೆ ತಿರುಗಿಸಿದರಂತೂ ಲೆಕ್ಕ ಪೂರ್ತಿ ಕೆಡುತ್ತದೆ. ಚಿಪ್ ಹಾಳಾಗಿದೆಯೇ? ಇಷ್ಟು ಚಿಕ್ಕದರೊಳಗೆ ತಿರುಗುವ ಚಕ್ರ ಇದೆಯೇ?

ಉತ್ತರ: ಚಿಪ್ ಬಹುಶಃ ಚೆನ್ನಾಗಿಯೇ ಇದೆ. ಒಳಗೆ ಚಕ್ರ ಇಲ್ಲ. ಸಿಲಿಕಾನ್‌ನಲ್ಲಿ ಕೆತ್ತಿದ ಪುಟ್ಟ ತುಂಡುಗಳು ತೆಳುವಾದ ಸ್ಪ್ರಿಂಗ್‌ಗಳಲ್ಲಿ ನೇತಾಡುತ್ತಾ ಸದಾ ಅದುರುತ್ತಿರುತ್ತವೆ. ನಿಮ್ಮ ಚಿಪ್‌ನಲ್ಲಿ ಎಕ್ಸ್ ಅಕ್ಷದ ತುಂಡು ಸೆಕೆಂಡಿಗೆ ಸುಮಾರು 33,000 ಸಲ ಅದುರುತ್ತದೆ, ವೈ ಅಕ್ಷದ್ದು 30,000 ಸಲ, ಜೆಡ್ ಅಕ್ಷದ್ದು 27,000 ಸಲ. ಚಿಪ್ ತಿರುಗಿದರೆ ಈ ತುಂಡು ಅಡ್ಡಕ್ಕೂ ಚೂರು ಸರಿಯುತ್ತದೆ. 1835ರಲ್ಲಿ ಫ್ರಾನ್ಸಿನ ಕೊರಿಯೊಲಿಸ್ ವಿವರಿಸಿದ ಬಲವೇ ಇದಕ್ಕೆ ಕಾರಣ. ಸರಿಯುವುದು ತೀರಾ ಕಡಿಮೆ. ಬಾಚಣಿಗೆಯ ಹಲ್ಲುಗಳಂತೆ ಎದುರುಬದುರು ನಿಂತ ಪಟ್ಟಿಗಳ ನಡುವಿನ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಬದಲಾವಣೆಯಿಂದ ಅದನ್ನು ಹಿಡಿಯುತ್ತಾರೆ. ಎಂಥ ಸೊಗಸಾದ ಕೆಲಸ, ಅಲ್ವಾ!

ಆದರೆ ಇದು ಅಳೆಯುವುದು ವೇಗವನ್ನು, ಕೋನವನ್ನಲ್ಲ. ಸೆಕೆಂಡಿಗೆ ಎಷ್ಟು ಡಿಗ್ರಿ ಅಂತ ಮಾತ್ರ ಹೇಳುತ್ತದೆ. ಅದನ್ನು ಸಮಯದಿಂದ ಗುಣಿಸಿ ಕೂಡಿಸುತ್ತಾ ಹೋಗುವುದು ನಿಮ್ಮ ಪ್ರೋಗ್ರಾಂ. ನಿಂತಲ್ಲೇ ಇದ್ದರೂ ಚಿಪ್ ಸರಿಯಾಗಿ ಸೊನ್ನೆ ತೋರಿಸುವುದಿಲ್ಲ. ತಯಾರಕರೇ ಸೆಕೆಂಡಿಗೆ 20 ಡಿಗ್ರಿವರೆಗೆ ಆಚೀಚೆ ಇರಬಹುದು ಎಂದು ಬರೆದಿದ್ದಾರೆ. ಸೆಕೆಂಡಿಗೆ ಬರೀ 0.1 ಡಿಗ್ರಿ ಉಳಿದರೂ ಒಂದು ನಿಮಿಷಕ್ಕೆ 6 ಡಿಗ್ರಿ ತಪ್ಪು, ಹತ್ತು ನಿಮಿಷಕ್ಕೆ 60. ಭೂಮಿ ತಿರುಗುವುದನ್ನು ದೂರಬೇಡಿ. ಅದು ಗಂಟೆಗೆ 15 ಡಿಗ್ರಿ, ನಿಮ್ಮ ಚಿಪ್‌ಗೆ ಕಾಣುವುದೇ ಇಲ್ಲ ಅನ್ನಬಹುದು.

ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗ ಚಿಪ್ ಸ್ವಲ್ಪ ಬಿಸಿಯಾಗಲು ಬಿಡಿ. ಅಲುಗಾಡಿಸದೆ ಸಾವಿರ ರೀಡಿಂಗ್ ತೆಗೆದು, ಸರಾಸರಿಯನ್ನು ಮುಂದಿನ ಎಲ್ಲ ರೀಡಿಂಗ್‌ಗಳಿಂದ ಕಳೆಯಿರಿ. ಇದನ್ನು ಬಿಟ್ಟು ನೇರವಾಗಿ, ರೀಡಿಂಗ್ ತಪ್ಪುಗಳನ್ನು ಗಣಿತದಿಂದ ಸೋಸುವ ಕಾಲ್ಮನ್ ಫಿಲ್ಟರ್‌ಗೆ ಕೈಹಾಕುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಉಷ್ಣಾಂಶ ಬದಲಾದರೆ ಸೊನ್ನೆ ಮತ್ತೆ ಜಾರುತ್ತದೆ. ಅದಕ್ಕೇ ಅದೇ ಚಿಪ್‌ನಲ್ಲಿರುವ ಆಕ್ಸೆಲೆರೋಮೀಟರ್‌ನ ಸಹಾಯ ಬೇಕು. ಗುರುತ್ವ ಯಾವ ಕಡೆ ಎಂದು ಅದಕ್ಕೆ ಗೊತ್ತು. ಜೈರೋ ಲೆಕ್ಕಕ್ಕೆ 98 ಪಾಲು, ಇದಕ್ಕೆ 2 ಪಾಲು ಕೊಟ್ಟು ಬೆರೆಸಿದರೆ ಓರೆ ಸರಿಯಾಗಿ ನಿಲ್ಲುತ್ತದೆ. ಎಡ-ಬಲ ತಿರುವಿಗೆ ಮಾತ್ರ ಇದು ಸಾಲದು, ಯಾಕೆಂದರೆ ಹಾಗೆ ತಿರುಗಿದಾಗ ಗುರುತ್ವದ ದಿಕ್ಕು ಬದಲಾಗುವುದಿಲ್ಲ. ಅದಕ್ಕೆ ದಿಕ್ಸೂಚಿಯಂತೆ ಭೂಮಿಯ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಬೇರೆಯೇ ಬೇಕು.

ಇನ್ನು ಎರಡು ಅಕ್ಷದ ತೊಂದರೆ. ಒಂದು ಪುಸ್ತಕವನ್ನು ಮುಖಪುಟ ಮೇಲೆ ಬರುವಂತೆ ಮಲಗಿಸಿ. ಬಲಕ್ಕೆ 90 ಡಿಗ್ರಿ ತಿರುಗಿಸಿ, ಆಮೇಲೆ ನಿಮ್ಮ ಕಡೆಯ ಅಂಚಿನ ಮೇಲೆ ಎತ್ತಿ ನಿಲ್ಲಿಸಿ. ಮುಖಪುಟ ನಿಮ್ಮನ್ನು ನೋಡುತ್ತದೆ. ಈಗ ಮೊದಲಿನಿಂದ ಶುರುಮಾಡಿ, ಮೊದಲು ನಿಲ್ಲಿಸಿ, ಆಮೇಲೆ ತಿರುಗಿಸಿ. ಮುಖಪುಟ ಪಕ್ಕಕ್ಕೆ ಹೋಯಿತು! ತಿರುವುಗಳ ಕ್ರಮ ಮುಖ್ಯ. ಮೂರು ಅಕ್ಷಗಳನ್ನು ಬೇರೆಬೇರೆಯಾಗಿ ಕೂಡಿಸುವ ನಿಮ್ಮ ಪ್ರೋಗ್ರಾಂಗೆ ಆ ಕ್ರಮವೇ ಗೊತ್ತಿಲ್ಲ. ಪ್ರತಿ ರೀಡಿಂಗನ್ನೂ ಒಂದು ಸಣ್ಣ ತಿರುವೆಂದು ಎಣಿಸಿ ಕ್ವಾಟರ್ನಿಯನ್ (ತಿರುವನ್ನು ಹೇಳುವ ನಾಲ್ಕು ಸಂಖ್ಯೆಗಳ ಗುಂಪು) ಆಗಿ ಗುಣಿಸುತ್ತಾ ಹೋಗಿ. ಎರಡು ರೀಡಿಂಗ್‌ಗಳ ನಡುವಿನ ಸಮಯವನ್ನು ಊಹಿಸದೆ ಪ್ರತಿ ಸಲವೂ ಅಳೆಯಿರಿ. ಈ ಕ್ವಾಟರ್ನಿಯನ್ ಲೆಕ್ಕ ಮಾಡಿಕೊಡುವ ಸಣ್ಣ ಪ್ರೊಸೆಸರ್ ನಿಮ್ಮ ಚಿಪ್‌ನೊಳಗೇ ಇದೆ, ಅದನ್ನೂ ಬಳಸಿ ನೋಡಬಹುದು.